ಎರಡು ಕೊಟೇಷನ್ ಸೇರಿಸಿ ಒಂದು ಪಟ್ಟಿ ಮಾಡಿದೀನಿ, ಗೇಮಿಂಗ್ ಪಿಸಿಗೆ ಇದು ಹೊಂದುತ್ತಾ? (ಮುಂಬಯಿ, ಬಜೆಟ್ 80 ಸಾವಿರ)

ಡೊಂಬಿವಲಿ ಲೋಕಲ್ · ಭಾನುವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯ್ತು, ಕೈಯಲ್ಲಿ 80,000 ಕೂಡಿದೆ. ನಿನ್ನೆ ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋಗಿ, ಕಂಪ್ಯೂಟರ್ ಅಂಗಡಿಗಳಿರೋ ಲ್ಯಾಮಿಂಗ್ಟನ್ ರೋಡ್ ಪೂರ್ತಿ ಸುತ್ತಿ ಬಂದೆ. ಎರಡು ಅಂಗಡಿಯವರು ಕೊಟೇಷನ್ ಬರೆದುಕೊಟ್ರು. ಇವತ್ತು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ಯಾವುದರಲ್ಲಿ ಯಾವ ಐಟಂ ಚೆನ್ನಾಗಿದೆಯೋ ಅಥವಾ ಅಗ್ಗ ಇದೆಯೋ ಅದನ್ನ ಆರಿಸಿ ಈ ಪಟ್ಟಿ ಮಾಡಿದೆ:

ಪ್ರೊಸೆಸರ್: ರೈಜನ್ 5 7600
ಮದರ್‌ಬೋರ್ಡ್: ಬಿ550
ರ‍್ಯಾಮ್: 8 ಜಿಬಿ ಡಿಡಿಆರ್4 (ಮನೇಲಿ ಇನ್ನೊಂದು 8 ಜಿಬಿ ಡಿಡಿಆರ್4 ಇದೆ, ಸೇರಿ 16)
ಗ್ರಾಫಿಕ್ಸ್ ಕಾರ್ಡ್: ಆರ್‌ಟಿಎಕ್ಸ್ 5060
ಎಸ್‌ಎಸ್‌ಡಿ: 512 ಜಿಬಿ ಎಂ.2
ಕ್ಯಾಬಿನೆಟ್: ಮುಂದೆ ಗಾಜು, ನಾಲ್ಕು ಬಣ್ಣದ ಲೈಟಿನ ಫ್ಯಾನ್. 600 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ) ಅದರ ಜೊತೆಗೇ ಬರುತ್ತಂತೆ.

ಮಾನಿಟರ್ ಅಪ್ಪನ ಹಳೇದಿದೆ, ಅದೇ ಸಾಕು. ಆಡೋದು ವ್ಯಾಲೊರಂಟ್, ಜಿಟಿಎ 5, ಸಾಧ್ಯ ಆದ್ರೆ ಸೈಬರ್‌ಪಂಕ್. ಮುಂದಿನ ಶನಿವಾರ ಹೋಗಿ ತರೋಣ ಅಂತಿದೀನಿ. ಏನಾದ್ರೂ ತಪ್ಪಿದ್ರೆ ಈಗಲೇ ಬೈದುಬಿಡಿ.

ಮಾಟುಂಗಾ ಮಾರಾಯ · ಭಾನುವಾರ, ರಾತ್ರಿ 11:48

ತಮ್ಮಾ, ದುಡ್ಡು ಕೊಡುವ ಮೊದಲೇ ಕೇಳಿದ್ದು ಒಳ್ಳೆದಾಯ್ತು. ನಿನ್ನ ಪಟ್ಟಿಯಲ್ಲಿ ಹುಡುಗ ಒಂದು ಛತ್ರದಲ್ಲಿ ಉಂಟು, ಹುಡುಗಿ ಇನ್ನೊಂದು ಛತ್ರದಲ್ಲಿ.

7600 ಕೂರುವುದು ಎಎಂ5 ಸಾಕೆಟಿನಲ್ಲಿ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ). ಬಿ550 ಬೋರ್ಡಿನದ್ದು ಎಎಂ4. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸೂಜಿಯ ಹಾಗೆ 1331 ಪಿನ್ನು ಇರ್ತದೆ. ಎಎಂ5ರಲ್ಲಿ ಪಿನ್ನು ಬೋರ್ಡಿನ ಕಡೆಗೆ, 1718. ಒತ್ತಿ ಕೂರಿಸುವ ಪ್ರಶ್ನೆಯೇ ಇಲ್ಲ. ಮೇಲಿಂದ, ಎಎಂ5 ಅಂದ್ರೆ ಡಿಡಿಆರ್5 ರ‍್ಯಾಮ್ ಮಾತ್ರ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದ್ರೆ ನಡುವಿನ ಕಚ್ಚು ಬೇರೆ ಜಾಗದಲ್ಲಿ. ಬೇಕಂತಲೇ ಹಾಗೆ ಮಾಡಿದ್ದು.

ಅಂಗಡಿಯವರದ್ದು ತಪ್ಪಿಲ್ಲ ಅಂತ ನನ್ನ ಅಂದಾಜು. ಒಬ್ಬ ಎಎಂ4 ಲೆಕ್ಕ ಕೊಟ್ಟಿದ್ದಾನೆ, ಇನ್ನೊಬ್ಬ ಎಎಂ5. ಎರಡೂ ಅದರದರ ಮಟ್ಟಿಗೆ ಸರಿಯೇ ಇದ್ದಿರ್ಬೇಕು. ನೀನು ಟೊಮೆಟೊ ಒಬ್ಬನ ಹತ್ರ, ಈರುಳ್ಳಿ ಇನ್ನೊಬ್ಬನ ಹತ್ರ ತೆಕ್ಕೊಂಡ ಹಾಗೆ ಮಾಡಿದ್ದಿ. ಕ್ಯಾಬಿನೆಟ್, ಎಸ್‌ಎಸ್‌ಡಿ ಹಾಗೆ ತೆಕ್ಕೊಳ್ಬಹುದು. ಪ್ರೊಸೆಸರ್, ಬೋರ್ಡು, ರ‍್ಯಾಮು ಒಂದೇ ಗಂಟು, ಬಿಚ್ಚಿ ಆರಿಸ್ಲಿಕ್ಕೆ ಆಗುದಿಲ್ಲ.

(ಇಂಟೆಲ್ ನೋಡುವುದಾದ್ರೆ: 12, 13, 14ನೇ ಪೀಳಿಗೆ ಮೂರೂ 1700 ಸಾಕೆಟ್, ಡಿಡಿಆರ್4 ಬೇಕಾ 5 ಬೇಕಾ ಅಂತ ಬೋರ್ಡು ತೀರ್ಮಾನ ಮಾಡ್ತದೆ. ಹೊಸ ಕೋರ್ ಅಲ್ಟ್ರಾ 200ರದ್ದು 1851 ಸಾಕೆಟ್, ಡಿಡಿಆರ್5 ಮಾತ್ರ.)

ಡೊಂಬಿವಲಿ ಲೋಕಲ್ · ಭಾನುವಾರ, ರಾತ್ರಿ 11:55

ಅಯ್ಯೋ. ಹೌದಣ್ಣ, ಒಂದು ಕೊಟೇಷನ್ನಲ್ಲಿ 5600 ಮತ್ತೆ ಬಿ550 ಇತ್ತು, ಇನ್ನೊಂದರಲ್ಲಿ 7600 ಮತ್ತೆ ಬಿ650. 7600 ದೊಡ್ಡ ನಂಬರು, ಬಿ550 ಕಡಿಮೆ ರೇಟು ಅಂತ ಎರಡನ್ನೂ ಎತ್ತಿಕೊಂಡೆ.

ಕೊತ್ರೂಡ ಕಾಕಾ · ಸೋಮವಾರ, ಬೆಳಿಗ್ಗೆ 7:10

ಪ್ರೊಸೆಸರ್ ಮಾತು ಅವ್ರು ಹೇಳ್ಯಾರ. ನಾ ಮೊದಲ ಎಸ್‌ಎಂಪಿಎಸ್ ನೋಡಾಂವ. ಕ್ಯಾಬಿನೆಟ್ ಜೋಡಿ ಪುಗಸಟ್ಟೆ ಬರೋ 600 ವ್ಯಾಟ್ ಅಂದ್ರ ಸ್ಟಿಕರ್ ಮ್ಯಾಲಿನ 600 ಅಷ್ಟ. ಅದನ್ನ ಹೊಳ್ಳಿಸಿ, ಬಾಜೂಕ ಇರೋ ಕೋಷ್ಟಕದಾಗ 12 ವೋಲ್ಟ್ ಅಂತ ಬರದಲ್ಲಿ ಎಷ್ಟ ಆಂಪಿಯರ್ ಐತಿ ನೋಡು. ನಮ್ಮ ಗೆಳ್ಯಾನ ಡಬ್ಬಿಗೆ 18 ಆಂಪಿಯರ್ ಇತ್ತು. 18 ಗುಣಿಸು 12, ಎಷ್ಟಾತು? 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣೂದು ಆ 12 ವೋಲ್ಟಿನ ತಾಟಿನ್ಯಾಗ. ಉಳಿದದ್ದು ಬರೇ ಬಾಯಿಮಾತು.

ಈಗ ನಿಂದು ಲೆಕ್ಕ ಹಾಕು. 5060ಕ್ಕ 145 ವ್ಯಾಟ್. 5600 ತಗೊಂಡ್ರ ಕಾಗದದ ಮ್ಯಾಲ 65, ಜೋರ್ ಕೆಲಸ ಬಿದ್ದಾಗ 76ರ ತನಕ. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಸೇರಿ ಒಂದು 50 ಹಿಡಿ. 270 ಆತು. ಖರೇ 550 ವ್ಯಾಟ್ ಕೊಡೋ ಡಬ್ಬಿ ಇದ್ರ ಸಾಕಷ್ಟು, 750 ಬೇಕಂತ ಯಾರರ ಹೆದರಿಸಿದ್ರ ಕೇಳಬ್ಯಾಡ. 80 ಪ್ಲಸ್ ಬ್ರಾಂಝ್ ಗುರುತು ಇರಲಿ, ಆದ್ರ ಅದು ಕರೆಂಟ್ ಎಷ್ಟ ಪೋಲು ಆಗತೈತಿ ಅನ್ನೂದಷ್ಟ ಹೇಳತೈತಿ. ಒಳಗಿನ ಮಾಲು ಹೆಂಗೈತಿ ಅನ್ನೂದಕ್ಕ ವಾರಂಟಿ ನೋಡಬೇಕು. ಐದು ವರ್ಷ ಕೊಡಾಕ ಕಂಪನಿಗೆ ಧೈರ್ಯ ಇಲ್ಲ ಅಂದ್ರ ನಿನಗ್ಯಾಕ ಬೇಕು ಅದು?

ಇನ್ನೊಂದು ಹೇಳತೀನಿ, ಇದು ನನ್ನ ತಲಿ ಮ್ಯಾಲ ಬಂದದ್ದು. ಮೂರು ವರ್ಷದ ಹಿಂದ ಪುಣೆದ ತಪಕೀರ ಗಲ್ಲಿಯಿಂದ ಹೊಸಾ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೂ ಥರದ) ಎಸ್‌ಎಂಪಿಎಸ್ ತಂದೆ. ಹಳೇ ಡಬ್ಬಿಯ ಸಾಟಾ ಕೇಬಲ್ (ಡಿಸ್ಕಿಗೆ ಕರೆಂಟ್ ಒಯ್ಯೂದು) ಆಗಲೇ ಕ್ಯಾಬಿನೆಟ್ ಹಿಂದ ನೀಟಾಗಿ ಕಟ್ಟಿತ್ತು. ಮತ್ತ ಯಾಕ ಬಿಚ್ಚೂದು ಅಂತ ಅದನ್ನ ಹೊಸಾ ಡಬ್ಬಿಗೆ ಚುಚ್ಚಿದೆ. ಸರಿಯಾಗಿ ಕುಂತಿತು, ಟಕ್ ಅಂತ ಸಪ್ಪಳನೂ ಬಂತು. ಸ್ವಿಚ್ ಹಾಕಿದ್ಮ್ಯಾಲ ಒಂದ ಸಲ ಚಿಟ್ ಅಂತು, ಮನಿ ತುಂಬ ರಬ್ಬರ್ ಸುಟ್ಟ ವಾಸನಿ. ಡಬ್ಬಿ ಕಡೆಯ ತೂತಿನಾಗ ಯಾವ ತಂತಿ ಎಲ್ಲಿ ಅನ್ನೂದು ಒಂದೊಂದು ಕಂಪನಿಗೆ ಒಂದೊಂದು ಥರ ಇರತೈತಿ, 5 ವೋಲ್ಟ್ ಹೋಗೋ ಜಾಗಕ್ಕ 12 ಹೋತು. ಎಸ್‌ಎಸ್‌ಡಿನೂ ಹೋತು, ಹಾರ್ಡ್ ಡಿಸ್ಕೂ ಹೋತು. ಮಗಳ ಜಾವಳದ ಫೋಟೊ ಅದರಾಗ ಇದ್ದುವು. ನಮ್ಮಾಕಿ ಇನ್ನೂ ಅಂತಾಳ.

ಠಾಣೆ ಅಕ್ಕ · ಸೋಮವಾರ, ಮಧ್ಯಾಹ್ನ 1:30

ಕಾಕಾ, ಫೋಟೊ ವಿಷ್ಯ ಓದಿ ಬೇಜಾರಾಯ್ತು.

ಲೋಕಲ್ ತಮ್ಮ, ನನ್ನ ಮೂರು ಪ್ರಶ್ನೆಗೆ ಉತ್ತರ ಕೊಡು, ಆಮೇಲೆ ಮುಂದಿನ ಮಾತು. ಒಂದು, ಮನೇಲಿರೋ ಆ 8 ಜಿಬಿ ರ‍್ಯಾಮಿನ ಫೋಟೊ ಹಾಕು. ಎರಡು, ಅಪ್ಪನ ಮಾನಿಟರಿನ ಹಿಂದೆ ಯಾವ ಕೇಬಲ್ ಹೋಗುತ್ತೆ ನೋಡು. ಮೂರು, ಕ್ಯಾಬಿನೆಟ್ ಇಡೋದು ಎಲ್ಲಿ, ಅಳತೆ ಎಷ್ಟು? ಮುಂಬಯಿ ಮನೆಗಳಲ್ಲಿ ಮೂರನೇದೇ ಮೊದಲನೇದು.

ಎಎಂ4ಆ ಎಎಂ5ಆ ಅನ್ನೋದಕ್ಕೆ ನನ್ನ ಓಟು ಈ ಬಜೆಟ್ಟಿಗೆ ಎಎಂ4. 2025ರ ದೀಪಾವಳಿ ಆಸುಪಾಸಿನಿಂದ ರ‍್ಯಾಮ್ ರೇಟು ಹೇಗೆ ಏರಿದೆ ಅಂತ ಗೊತ್ತಲ್ಲ. ಚಿಪ್ ಮಾಡೋರೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದಾರೆ, ನಮ್ಮಂಥವರಿಗೆ ಉಳಿದಿದ್ದಕ್ಕೆ ಕಿತ್ತಾಟ. ಡಿಡಿಆರ್4 ಕೂಡ ಏರಿದೆ, ಆದ್ರೆ ನಿನ್ನ ಹತ್ರ ಒಂದು ಸ್ಟಿಕ್ ಇದೆ ಅಂತೀಯಲ್ಲ, ಅಷ್ಟು ಉಳೀತು.

ವಾಸ್ಕೋ ಹಡಗು · ಸೋಮವಾರ, ಸಂಜೆ 6:05

ನಾನು ಒಪ್ಪಲ್ಲ ಅಕ್ಕ. ಈಗ ಎಎಂ4 ತಗೊಂಡ್ರೆ ಮುಂದೆ ದಾರಿ ಇಲ್ಲ. ಎಎಂ5ಗೆ 2027 ಮತ್ತು ಆಚೆಗೂ ಪ್ರೊಸೆಸರ್ ಬಿಡ್ತೀವಿ ಅಂತ ಎಎಂಡಿಯೇ ಹೇಳಿದೆ. ಇವತ್ತು 7600 ಹಾಕಿದ್ರೆ ನಾಲ್ಕು ವರ್ಷ ಬಿಟ್ಟು ಅದೇ ಬೋರ್ಡಲ್ಲಿ ಹೊಸ ಪ್ರೊಸೆಸರ್ ಕೂರುತ್ತೆ. ಎರಡು ತಿಂಗಳು ತಡೆದು ಇನ್ನೊಂದಿಷ್ಟು ಕೂಡಿಸಲಿ.

ಮಾಟುಂಗಾ ಮಾರಾಯ · ಸೋಮವಾರ, ರಾತ್ರಿ 9:15

ವಾಸ್ಕೋದವರೆ, ಎಎಂ4 ಹೆಣ ಅಂತ 2022ರಲ್ಲಿಯೇ ಎಲ್ಲರೂ ಹೇಳಿದ್ರು. 2024ರಲ್ಲಿ ಮತ್ತೆ 5800ಎಕ್ಸ್‌ಟಿ, 5900ಎಕ್ಸ್‌ಟಿ ಅಂತ ಎರಡು ಬಂತು. ಎರಡು ತಿಂಗಳು ತಡೆದ್ರೆ ರ‍್ಯಾಮ್ ಇಳೀತದೆ ಅಂತ ಯಾರು ಬರೆದು ಕೊಡ್ತಾರೆ ಮಾರಾಯ್ರೆ? ಹುಡುಗ ಆಡುವುದು 1080ಪಿಯಲ್ಲಿ. ಅಲ್ಲಿ ದುಡ್ಡು ಹೋಗ್ಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೆ.

ಆದ್ರೆ ಎಎಂ4 ತೆಕ್ಕೊಂಡ್ರೆ ಒಂದು ಎಚ್ಚರ. 5600 ಅಂತ ಹೇಳಿ 5500 ಕೊಡ್ತಾರೆ, "ಸೇಮ್ ಹೈ, ಆರು ಕೋರ್ ಹೈ" ಅಂತ. ಕೋರ್ ಆರು ಹೌದು. ಆದ್ರೆ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ಮೆಮೊರಿ) 32 ಎಂಬಿ, 5500ರಲ್ಲಿ 16. ಇನ್ನೂ ದೊಡ್ಡದು ಹೇಳ್ತೇನೆ: 5500 ಹಳೇ ಪಿಸಿಐಇ 3.0ಗೆ (ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ರಸ್ತೆ) ನಿಲ್ತದೆ, 5600ರಲ್ಲಿ 4.0 ಉಂಟು. ನಿನ್ನ 5060 ಕಾರ್ಡಿಗೆ ಲೇನ್ ಇರುವುದೇ 8, ಪೂರ್ತಿ 16 ಅಲ್ಲ. ಎಂಟು ಲೇನಿನ ಕಾರ್ಡನ್ನು 3.0 ಮೇಲೆ ಓಡಿಸಿದ್ರೆ ರಸ್ತೆ ಅರ್ಧಕ್ಕರ್ಧ ಸಣ್ಣದಾಗ್ತದೆ. ಕಾರ್ಡಿನ 8 ಜಿಬಿ ತುಂಬಿ ಮದರ್‌ಬೋರ್ಡಿನ ರ‍್ಯಾಮಿಂದ ಎಳೀಲಿಕ್ಕೆ ಶುರು ಮಾಡುವಾಗ ಆಟ ಜರ್ಕ್ ಹೊಡೀತದೆ. ಬಿ450 ಬೋರ್ಡಾದ್ರೂ ಅದೇ ಕತೆ. ಹಾಗಾಗಿ 5600 ಮತ್ತು ಬಿ550, ಎರಡೂ ಬೇಕು. 5600ಜಿ ಕೂಡ 3.0 ಗುಂಪಿನದ್ದೇ, ಅಕ್ಷರ ನೋಡಿ ಮರುಳಾಗ್ಬೇಡ.

ಬೋರ್ಡಿನ ಪೆಟ್ಟಿಗೆ ಮೇಲೆ ರೈಜನ್ 5000ಕ್ಕೆ ತಯಾರು ಅಂತ ಚೀಟಿ ಉಂಟಾ ನೋಡು. 2020ರ ಮೊದಮೊದಲ ಬಿ550ಗಳಿಗೆ ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ 5000 ಸರಣಿ ಏಳುವುದಿಲ್ಲ. ಪ್ರೊಸೆಸರ್ ಪೆಟ್ಟಿಗೆಯಲ್ಲಿದ್ದದ್ದೇ ಕೇಳು, ಟ್ರೇ ಪೀಸ್ (ಪೆಟ್ಟಿಗೆ ಇಲ್ಲದ ಬಿಡಿ ಮಾಲು) ಬೇಡ. ಟ್ರೇಯಲ್ಲಿ ಕೂಲರ್ ಬರುದಿಲ್ಲ, ವಾರಂಟಿ ಅಂಗಡಿಯವನ ಬಾಯಲ್ಲಿ.

ಡೊಂಬಿವಲಿ ಲೋಕಲ್ · ಸೋಮವಾರ, ರಾತ್ರಿ 10:40

ಅಕ್ಕ, ಮೂರೂ ಫೋಟೊ ಹಾಕಿದೀನಿ. ರ‍್ಯಾಮ್ ನನ್ನ ಕಾಲೇಜಿನ ಲ್ಯಾಪ್‌ಟಾಪಿಂದ ಬಿಚ್ಚಿಟ್ಟಿದ್ದು, ನೋಡಿ ಇದು. ಮಾನಿಟರಿನ ಹಿಂದೆ ನೀಲಿ ಪ್ಲಗ್ಗು, ಎರಡು ಪಕ್ಕ ತಿರುಪು. ಕ್ಯಾಬಿನೆಟ್ ಇಡೋದು ದೇವರ ಕಪಾಟಿನ ಕೆಳಗಿನ ಗೂಡಲ್ಲಿ. ಅಮ್ಮನ ಹೊಲಿಗೆ ಟೇಪಲ್ಲಿ ಅಳೆದೆ: ಎತ್ತರ 43 ಸೆಂ.ಮೀ., ಅಗಲ 30, ಆಳ 45. ಮುಂದೆ ಬಾಗಿಲಿದೆ, ಮುಚ್ಚಬಹುದು.

ಠಾಣೆ ಅಕ್ಕ · ಸೋಮವಾರ, ರಾತ್ರಿ 11:02

ಲ್ಯಾಪ್‌ಟಾಪಿಂದಾ! ತಮ್ಮ, ಅದು ಗಿಡ್ಡ ಜಾತಿ. ಸೊ-ಡಿಮ್ ಅಂತಾರೆ, 260 ಪಿನ್, ಉದ್ದ ಅರ್ಧ. ಡೆಸ್ಕ್‌ಟಾಪ್ ಬೋರ್ಡಿಗೆ ಕೂರೋದೇ ಇಲ್ಲ. ನಾನು ಎಎಂ4 ಪರ ಹೇಳಿದ ಅರ್ಧ ವಾದ ಇಲ್ಲೇ ಬಿತ್ತು. ವಾಸ್ಕೋದವರು ನಗ್ತಿರ್ತಾರೆ.

ಆದ್ರೂ ಎಎಂ4 ಅಂತಲೇ ಹೇಳ್ತೀನಿ, ಯಾಕಂದ್ರೆ ನೀಲಿ ಪ್ಲಗ್ಗು. ಅದು ವಿಜಿಎ. 5060ರ ಹಿಂದೆ ಎಚ್‌ಡಿಎಂಐ ಮತ್ತೆ ಡಿಸ್‌ಪ್ಲೇ ಪೋರ್ಟ್ ಬಿಟ್ರೆ ಏನೂ ಇಲ್ಲ. ಪರಿವರ್ತಕ ಡಬ್ಬಿ ಹಾಕಬಹುದು, ಆದ್ರೆ 60 ಹರ್ಟ್ಸಿನ ಮಸುಕು ಪರದೆಗೆ ಅಷ್ಟು ದುಡ್ಡಿನ ಕಾರ್ಡ್ ಕಟ್ಟೋದು ಯಾಕೆ? ವ್ಯಾಲೊರಂಟ್ ಆಡೋನಿಗೆ ಮಾನಿಟರೂ ಪಾರ್ಟ್ಸೇ. ಬಜೆಟ್ಟಲ್ಲಿ ಹೊಸ ಮಾನಿಟರ್ ಸೇರಿಸು. ಅದಕ್ಕೆ ಜಾಗ ಆಗೋದು ಎಎಂ4 ತಗೊಂಡ್ರೆ ಮಾತ್ರ.

ರ‍್ಯಾಮ್ ಒಂದೇ 16ರ ಸ್ಟಿಕ್ ಬೇಡ, 8 ಮತ್ತು 8ರ ಜೋಡಿ ಒಂದೇ ಪೆಟ್ಟಿಗೆಯಲ್ಲಿ ಬರೋದು ತಗೋ, 3200ರದ್ದು. ಬೋರ್ಡಲ್ಲಿ ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದಕ್ಕೆ ಹಾಕು. ಎಸ್‌ಎಸ್‌ಡಿಗೆ ಬರೀ ಎಂ.2 ಅಂತ ಬರೆದ್ರೆ ಸಾಲದು, ಅದು ಆಕಾರದ ಹೆಸರು. ಎನ್‌ವಿಎಂಇ ಅಂತ ಬರೆಸು, ಅದೇ ಆಕಾರದಲ್ಲಿ ನಿಧಾನದ ಸಾಟಾ ಕೂಡ ಬರುತ್ತೆ.

ಗೂಡಿನ ವಿಷ್ಯ: ಬಾಗಿಲು ತೆಗೆದಿಡು, ಅಥವಾ ಗೂಡು ಬಿಡು. ಮುಂದೆ ಗಾಜಿನ ಕ್ಯಾಬಿನೆಟ್, ಅದರ ಮುಂದೆ ಮರದ ಬಾಗಿಲು, ಮೇಲೆ ದೇವರ ದೀಪ. ಮೇ ತಿಂಗಳ ಡೊಂಬಿವಲಿಯಲ್ಲಿ ಅದು ಪಿಸಿ ಅಲ್ಲ, ಒಲೆ. ಮುಂದೆ ಜಾಲರಿ ಇರೋದು ತಗೋ. ಮೈಕ್ರೊ ಎಟಿಎಕ್ಸ್ ಬೋರ್ಡು ಹೆಚ್ಚಂದ್ರೆ 24.4 ಸೆಂ.ಮೀ. ಚೌಕ, ಅದಕ್ಕಂತಲೇ ಮಾಡಿದ ಚಿಕ್ಕ ಕ್ಯಾಬಿನೆಟ್ ನಿನ್ನ 43ರೊಳಗೆ ಸಿಗುತ್ತೆ. ಆಳದಲ್ಲಿ ಹಿಂದೆ ಕೇಬಲ್ ಬಾಗೋದಕ್ಕೆ ಸ್ವಲ್ಪ ಜಾಗ ಬಿಡೋದು ಮರೀಬೇಡ, ಎಲ್ಲರೂ ಮರೆಯೋದು ಅದನ್ನೇ.

ಇಡ್ಲಿ ಪ್ಲೇಟ್ · ಮಂಗಳವಾರ, ಬೆಳಿಗ್ಗೆ 5:50

ನಾನು ಚೆಂಬೂರಿನಲ್ಲಿ ಹೋಟೆಲಿನವ, ಗೇಮಿಂಗ್ ಗೊತ್ತಿಲ್ಲ. ಸುಮ್ಮನೆ ಓದ್ತಾ ಇದ್ದೇನೆ. ಆ ನೀಲಿ ಪ್ಲಗ್ಗಿನ ಮಾನಿಟರ್ ಎಷ್ಟು ಇಂಚು?

ಡೊಂಬಿವಲಿ ಲೋಕಲ್ · ಮಂಗಳವಾರ, ಬೆಳಿಗ್ಗೆ 8:20

19 ಇಂಚು ಅಂಕಲ್. ಟ್ರೇನಲ್ಲಿದೀನಿ, ರಾತ್ರಿ ಬರೀತೀನಿ.

ವಾಸ್ಕೋ ಹಡಗು · ಮಂಗಳವಾರ, ರಾತ್ರಿ 8:30

ನಗ್ತಾ ಇಲ್ಲ ಅಕ್ಕ, ಮಾನಿಟರ್ ಲೆಕ್ಕ ಸೇರಿಸಿದ ಮೇಲೆ ನಾನೂ ಎಎಂ4ಗೇ ಇಳಿದೆ. 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ನೋಡು ಅನ್ನೋಣ ಅಂತಿದ್ದೆ, ಬಜೆಟ್ ನೋಡಿ ಸುಮ್ಮನಾದೆ.

ಯುಪಿಎಸ್ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮಲ್ಲಿ ಮಳೆಗಾಲ ಬಂದ್ರೆ ಲೈಟು ಗಂಟೆಗೆರಡು ಸಲ ಕಣ್ಣು ಮಿಟುಕಿಸುತ್ತೆ. ಅಂಗಡಿಯವರು 600 ವಿಎ ಕೊಟ್ಟು 600 ವ್ಯಾಟ್ ಅನ್ನೋ ಹಾಗೆ ಮಾತಾಡ್ತಾರೆ. ಹಿಂದೆ ತಿರುಗಿಸಿದ್ರೆ 360 ವ್ಯಾಟ್ ಅಂತ ಇರುತ್ತೆ. ನಿನ್ನ 270ರ ಮೇಲೆ ಮಾನಿಟರ್ ಸೇರಿದ್ರೆ ಅಂಚಿಗೆ ಬಂತು, 1000 ವಿಎ ಆದ್ರೆ ನೆಮ್ಮದಿ. ಇನ್ನೊಂದು, ಒಳ್ಳೆ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಇರುತ್ತೆ. ಅಗ್ಗದ ಯುಪಿಎಸ್ ಬ್ಯಾಟರಿಗೆ ಹೋದಾಗ ಕೊಡೋ ಮೆಟ್ಟಿಲು ಮೆಟ್ಟಿಲಿನ ಅಲೆ ಕೆಲವಕ್ಕೆ ಒಗ್ಗಲ್ಲ. ನನ್ನದು ಕರೆಂಟ್ ಹೋದ ಕ್ಷಣಕ್ಕೇ ಆಫ್ ಆಗ್ತಿತ್ತು, ಯುಪಿಎಸ್ ಮಾತ್ರ ಪೀಂ ಪೀಂ ಅಂತ ತಾನು ಬದುಕಿದೀನಿ ಅಂತ ಹೇಳ್ತಿತ್ತು. ಶುದ್ಧ ಸೈನ್ ವೇವ್ ಇರೋದು ತಂದ ಮೇಲೆ ಸರಿ ಹೋಯ್ತು. ದುಬಾರಿ ಹೌದು. ಡೊಂಬಿವಲಿಯಲ್ಲಿ ಅಷ್ಟು ಹೋಗಲ್ಲ ಅಂದ್ರೆ ಆಮೇಲೆ ತಗೋ. ಅರ್ಥಿಂಗ್ ಮಾತ್ರ ಈಗಲೇ ಎಲೆಕ್ಟ್ರಿಷಿಯನ್ ಕರೆದು ನೋಡಿಸು.

ಕೊತ್ರೂಡ ಕಾಕಾ · ಬುಧವಾರ, ಬೆಳಿಗ್ಗೆ 7:05

ಕೇಬಲ್ ಮಾತು ಒಂದು ಉಳೀತು. ಎಸ್‌ಎಂಪಿಎಸ್‌ನಾಗ ಎಂಟು ಪಿನ್ನಿನ ಎರಡು ಥರ ಬರತಾವ. 4 ಮತ್ತು 4 ಆಗಿ ಬಿಚ್ಚೂದು ಪ್ರೊಸೆಸರಿಗೆ, 6 ಮತ್ತು 2 ಆಗಿ ಬಿಚ್ಚೂದು ಗ್ರಾಫಿಕ್ಸ್ ಕಾರ್ಡಿಗೆ. ಒಂದರ ಜಾಗಕ್ಕ ಇನ್ನೊಂದು ಹೋಗೂದಿಲ್ಲ. ಹೋಗಲಿಲ್ಲ ಅಂದ್ರ ಸುಮ್ನ ಬಿಡು, ಬಲ ಹಾಕಬ್ಯಾಡ.

ಮತ್ತ ಬಿಲ್ಲು. ಜಿಎಸ್‌ಟಿ 18 ಟಕ್ಕೆ ಉಳಿಸಿ ಕೊಡತೀನಿ, ಬಿಲ್ ಬ್ಯಾಡ ಅನ್ನಾವ್ರು ಸಿಗತಾರ. ವಾರಂಟಿಗೆ ಹೋದಾಗ ಸೀರಿಯಲ್ ನಂಬರ್ ಇರೋ ಬಿಲ್ಲ ಕೇಳತಾರ. ಮುಂದಿನದು ನೀನ ವಿಚಾರ ಮಾಡು.

ಮಾಟುಂಗಾ ಮಾರಾಯ · ಬುಧವಾರ, ರಾತ್ರಿ 9:40

ಶನಿವಾರವೇ ಹೋಗು, ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಬಂದ್. ವಾಪಸ್ ಬರುವಾಗ ಕ್ಯಾಬಿನೆಟ್ ಹಿಡ್ಕೊಂಡು ಸಾದಾ ಡಬ್ಬಿಗೆ ಹತ್ಬೇಡ, ಲಗೇಜ್ ಡಬ್ಬಿ ಹುಡುಕು. ದಾದರ್ ಸೇತುವೆಯಲ್ಲಿ ಆರು ಗಂಟೆಗೆ ಗಾಜಿನ ಪೆಟ್ಟಿಗೆ ತಲೆ ಮೇಲೆ ಇಟ್ಟುಕೊಂಡು ನಾನು ಪಟ್ಟ ಪಾಡು ನಾಯಿಗೂ ಬೇಡ.

ಡೊಂಬಿವಲಿ ಲೋಕಲ್ · ಶನಿವಾರ, ರಾತ್ರಿ 11:35

ತಂದೆ! 5600, ಬಿ550 ಮೈಕ್ರೊ ಎಟಿಎಕ್ಸ್, 8 ಮತ್ತು 8 ಡಿಡಿಆರ್4, 5060, 500 ಜಿಬಿ ಎನ್‌ವಿಎಂಇ (1 ಟಿಬಿ ಕೈಗೆಟುಕಲಿಲ್ಲ), 550 ವ್ಯಾಟ್ ಐದು ವರ್ಷದ ವಾರಂಟಿಯದ್ದು, ಜಾಲರಿ ಕ್ಯಾಬಿನೆಟ್, 24 ಇಂಚಿನ 180 ಹರ್ಟ್ಸ್ ಮಾನಿಟರ್. ಎಲ್ಲಾ ಸೇರಿ 86,000. ಮೇಲಿನ ಆರು ಅಮ್ಮನ ಭಿಶಿ (ಚೀಟಿ) ದುಡ್ಡು, ತಿಂಗಳಿಗೆ ಸಾವಿರದ ಹಾಗೆ ವಾಪಸ್ ಕೊಡ್ಬೇಕು.

ಮಾರಾಯಣ್ಣ, ನೀವು ಹೇಳಿದ್ದೇ ಆಯ್ತು. ಮೊದಲನೇ ಅಂಗಡಿಯಲ್ಲಿ ಬಿಲ್ಲಲ್ಲಿ 5600, ಕೌಂಟರ್ ಮೇಲೆ ಬಂದ ಪೆಟ್ಟಿಗೆ 5500. ತೋರಿಸಿದ್ದಕ್ಕೆ "ಅರೆ, ಗಲತಿ ಸೆ" ಅಂದ. ಎದ್ದು ಬಂದೆ. ಎರಡನೇ ಅಂಗಡಿಯವನು ಪೆಟ್ಟಿಗೆ ನನ್ನ ಕೈಗೇ ಕೊಟ್ಟು ಓದ್ಕೋ ಅಂದ.

ಆದ್ರೆ ಈಗ ಎದೆ ಢವಢವ ಅಂತಿದೆ. ಎಂಟು ಗಂಟೆಯಿಂದ ನಾನೇ ಕೂತು ಜೋಡಿಸಿದೆ. ಫ್ಯಾನೆಲ್ಲ ತಿರುಗುತ್ತೆ, ಲೈಟು ಬರುತ್ತೆ, ಮಾನಿಟರಲ್ಲಿ ಸಿಗ್ನಲ್ ಇಲ್ಲ ಅಂತ ತೋರಿಸ್ತಿದೆ. ರ‍್ಯಾಮ್ ಎರಡು ಸಲ ತೆಗೆದು ಹಾಕಿದೆ. ಪ್ರೊಸೆಸರ್ ಪಿನ್ ಬಗ್ಗಿರಬಹುದಾ? ಕೂಲರ್ ಬಿಚ್ಚಿ ನೋಡಲಾ?

ಠಾಣೆ ಅಕ್ಕ · ಶನಿವಾರ, ರಾತ್ರಿ 11:41

ಕೂಲರ್ ಮುಟ್ಟಬೇಡ! ಎಎಂ4ರಲ್ಲಿ ಪೇಸ್ಟ್ ಅಂಟಿ ಪ್ರೊಸೆಸರೇ ಕಿತ್ತು ಬರುತ್ತೆ, ಬಗ್ಗದೇ ಇದ್ದ ಪಿನ್ನೂ ಆಗ ಬಗ್ಗುತ್ತೆ. ಮೊದಲು ಇದು ಹೇಳು: ಮಾನಿಟರಿನ ಎಚ್‌ಡಿಎಂಐ ಎಲ್ಲಿ ಚುಚ್ಚಿದೀಯ? ಮೇಲುಗಡೆ ಯುಎಸ್‌ಬಿ ಪಕ್ಕದಲ್ಲೋ, ಕೆಳಗೆ ಅಡ್ಡ ಇರೋ ಕಾರ್ಡಿಗೋ?

ಡೊಂಬಿವಲಿ ಲೋಕಲ್ · ಶನಿವಾರ, ರಾತ್ರಿ 11:43

ಯುಎಸ್‌ಬಿ ಪಕ್ಕದಲ್ಲಿ.

ಠಾಣೆ ಅಕ್ಕ · ಶನಿವಾರ, ರಾತ್ರಿ 11:44

5600ರ ಒಳಗೆ ಗ್ರಾಫಿಕ್ಸ್ ಇಲ್ಲ ತಮ್ಮ. ಆ ತೂತು ಸುಮ್ಮನೆ ಅಲಂಕಾರಕ್ಕೆ. ಕೆಳಗಿಂದು.

ಡೊಂಬಿವಲಿ ಲೋಕಲ್ · ಶನಿವಾರ, ರಾತ್ರಿ 11:52

ಬಂತು!!! ಅಮ್ಮ ಎದ್ದು ಬಂದು ಬೈದ್ರು. ಪರವಾಗಿಲ್ಲ.

ಮಾಟುಂಗಾ ಮಾರಾಯ · ಭಾನುವಾರ, ಬೆಳಿಗ್ಗೆ 9:10

ಬಯೋಸಿಗೆ ಹೋಗಿ ಎಕ್ಸ್ಎಂಪಿ ಆನ್ ಮಾಡು, ಇಲ್ಲದಿದ್ರೆ 3200ರ ರ‍್ಯಾಮ್ ಕಮ್ಮಿ ವೇಗದಲ್ಲಿಯೇ ತೆವಳ್ತಾ ಇರ್ತದೆ. ವಿಂಡೋಸಿನಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 180 ಹರ್ಟ್ಸ್ ಆರಿಸು, ತಾನಾಗಿ 60ಕ್ಕೇ ನಿಂತಿರಬಹುದು. ವಿಂಡೋಸ್ 11 ಹಾಕಿದ್ರೆ ವ್ಯಾಲೊರಂಟಿಗೆ ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಬೇಕು, ಅದೂ ಬಯೋಸಿನಲ್ಲಿಯೇ ಉಂಟು.

ಡೊಂಬಿವಲಿ ಲೋಕಲ್ · ಭಾನುವಾರ, ಮಧ್ಯಾಹ್ನ 12:25

ಮೂರೂ ಮಾಡಿದೆ ಅಣ್ಣ. 60ಕ್ಕೇ ಇತ್ತು. ಗೂಡಿನ ಬಾಗಿಲು ಬಿಚ್ಚಿ ಮಂಚದ ಕೆಳಗೆ ಹಾಕಿದೀನಿ, ಅಮ್ಮ ಇನ್ನೂ ನೋಡಿಲ್ಲ.

ಇಡ್ಲಿ ಪ್ಲೇಟ್ · ಭಾನುವಾರ, ಮಧ್ಯಾಹ್ನ 3:40

ಹಾಗಾದ್ರೆ ಆ 19 ಇಂಚಿನ ಮಾನಿಟರ್ ಈಗ ಖಾಲಿ ಅಲ್ಲವಾ? ನಮ್ಮ ಕ್ಯಾಶ್ ಕೌಂಟರಿನ ಸಿಸಿಟಿವಿ ಡಬ್ಬಿಗೆ ವಿಜಿಎ ತೂತೇ ಇರುವುದು, ಹಳೇ ಪರದೆ ಕೆಟ್ಟು ತಿಂಗಳಾಯ್ತು. ಅಪ್ಪನ ಹತ್ರ ಕೇಳಿ ರೇಟು ಹೇಳು ಮಗ. ಕುರ್ಲಾ ಸ್ಟೇಷನ್ನಿಗೆ ತಂದ್ರೆ ನಾನೇ ಬಂದು ತೆಕ್ಕೊಳ್ತೇನೆ, ಮಸಾಲೆದೋಸೆ ಮೇಲಿಂದ.